ಓಡಿಸಿ ನೋಡುವ ಉಬ್ಬಸದ ಪರೀಕ್ಷೆ: ಬಳ್ಳಾರಿಯ ಕ್ಲಿನಿಕ್ಕೊಂದರ ಅನುಭವ

ಮಗು ಓಡಿದಾಗ ಮಾತ್ರ ಕೆಮ್ಮುತ್ತಾ? ಹಾಗಿದ್ರೆ ಕೂರಿಸಿ ಊದಿಸಿ ಉಸಿರಿನ ಗಾಳಿ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ನಾರ್ಮಲ್ ಬಂತು ಅಂತ ಸುಮ್ನಾಗಬೇಡಿ. ನಮ್ಮ ಮಗಳ ತೊಂದರೆ ಗೊತ್ತಾಗಿದ್ದು ಓಡಿಸಿ ಮಾಡುವ ಪರೀಕ್ಷೆಯಲ್ಲಿ. ಬಳ್ಳಾರಿಯ ಒಂದು ಖಾಸಗಿ ಎದೆರೋಗದ ಕ್ಲಿನಿಕ್ಕಿನಲ್ಲಿ ಮಾಡಿಸಿದೆವು.

ನಾವು ಸಿರುಗುಪ್ಪದವರು. ಅವಳಿಗೆ 9 ವರ್ಷ, ಖೋ-ಖೋ ಅಂದ್ರೆ ಪ್ರಾಣ. ಆಟ ನಿಲ್ಲಿಸಿದ ಮೇಲೆ ಕೆಮ್ಮು ಶುರು. ಭತ್ತದ ಒಕ್ಕಣೆ ಟೈಮಲ್ಲಿ ರಾತ್ರಿಯೂ ಬಿಡಲ್ಲ. ಮನೆಯಲ್ಲಿ ಎಲ್ಲರದೂ ಒಂದೇ ಮಾತು, ಐಸ್‌ಕ್ರೀಮ್ ಬಿಡಿಸು ಅಂತ.

ಮೊದಲು ಊದಿಸಿದರು. ಪರದೆ ಮೇಲೆ ಮೇಣದಬತ್ತಿಗಳ ಚಿತ್ರ, ಜೋರಾಗಿ ಊದಿದರೆ ಒಂದೊಂದೇ ಆರುತ್ತವೆ. ಟೆಕ್ನಿಷಿಯನ್ ಹುಡುಗಿ, "ಊದವ್ವಾ, ಊದು, ಇನ್ನೂ ಐತಿ, ಬಿಡಬ್ಯಾಡ" ಅಂತ ತಾನೂ ಬಗ್ಗಿ ಬಗ್ಗಿ ಹುರಿದುಂಬಿಸುತ್ತಿದ್ದಳು. ಆ ತಾಳ್ಮೆ ನನಗೆ ತುಂಬಾ ಹಿಡಿಸಿತು. ಆಮೇಲೆ ಮೂಗಿಗೆ ಕ್ಲಿಪ್ ಹಾಕಿ ಟ್ರೆಡ್‌ಮಿಲ್ ಮೇಲೆ 6ರಿಂದ 8 ನಿಮಿಷ ಓಟ. ಬಾಯಿಂದಲೇ ಜೋರಾಗಿ ಉಸಿರಾಡಿದರೆ ಶ್ವಾಸನಾಳ ಒಣಗುತ್ತದೆ, ಸೂಕ್ಷ್ಮವಾಗಿದ್ದರೆ ಬಿಗಿದುಕೊಳ್ಳುತ್ತದೆ. ನಾಡಿ 170 ದಾಟಿತು. ಡಾಕ್ಟರು ಪಕ್ಕದಿಂದ ಕದಲಲಿಲ್ಲ, ಆಕ್ಸಿಜನ್ ಕೂಡ ಕೈಗೆ ಸಿಗುವಂತೆ ಇಟ್ಟಿದ್ದರು.

ಓಟ ನಿಂತ ಮೇಲೆ ಅರ್ಧ ಗಂಟೆವರೆಗೆ ಬಿಟ್ಟು ಬಿಟ್ಟು ಊದಿಸಿದರು. ಊದಿದ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಮಕ್ಕಳಲ್ಲಿ ಓಟಕ್ಕೆ ಮುಂಚಿನದಕ್ಕಿಂತ ಶೇ. 12ಕ್ಕಿಂತ ಜಾಸ್ತಿ ಇಳಿದರೆ ಅದು ಅಸ್ತಮಾದ ಸೂಚನೆ. ಇವಳದು ಶೇ. 21 ಇಳಿದಿತ್ತು. ಎದೆಯಲ್ಲಿ ಸುಯ್ ಸುಯ್ ಸದ್ದು ನನಗೂ ಕೇಳಿಸಿತು. ತಕ್ಷಣ ಸ್ಪೇಸರ್‌ನಲ್ಲಿ (ಇನ್‌ಹೇಲರ್‌ಗೆ ಜೋಡಿಸುವ ಕೊಳವೆ) ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಔಷಧಿ ಕೊಟ್ಟರು. ಗಾಳಿ ಮೊದಲಿನ ಮಟ್ಟಕ್ಕೆ ಬರೋವರೆಗೂ ಮನೆಗೆ ಬಿಡಲಿಲ್ಲ.

ಇನ್ನು ಬೇಸರದ ಮಾತು. ಅಪಾಯಿಂಟ್‌ಮೆಂಟ್ ಕೊಡುವಾಗ ಫೋನಿನಲ್ಲಿ ಏನೂ ಹೇಳಲ್ಲ. ಪರೀಕ್ಷೆಗೆ ಮುಂಚೆ ಕೆಲವು ಗಂಟೆ ಮಗು ಓಡಬಾರದು. ಓಡಿದ್ದರೆ ಕೆಲವರಲ್ಲಿ ಶ್ವಾಸನಾಳ ಸ್ವಲ್ಪ ಹೊತ್ತು ಅಷ್ಟಾಗಿ ಬಿಗಿಯುವುದಿಲ್ಲ, ತೊಂದರೆ ಇದ್ದರೂ ರಿಪೋರ್ಟಲ್ಲಿ ಕಾಣದೆ ಹೋಗಬಹುದು. ಇನ್‌ಹೇಲರ್ ತಗೊಂಡಿದ್ದರೂ ಹಾಗೇ. ಅವತ್ತು ಬೆಳಿಗ್ಗೆ ಇನ್‌ಹೇಲರ್ ಹಾಕಿಸಿಕೊಂಡು ಬಂದಿದ್ದ ಒಬ್ಬ ಹುಡುಗನನ್ನು ವಾಪಸ್ ಕಳಿಸಿದರು. ಅವನ ತಾಯಿ ಒಂದು ದಿನದ ಕೂಲಿ ಬಿಟ್ಟು ಬಂದಿದ್ದರು, ಪಾಪ. ಎರಡು ಸಾಲು ಮೆಸೇಜ್ ಹಾಕಿದ್ರೆ ಸಾಕಿತ್ತಲ್ವಾ? ಕಾಯುವ ಹಾಲ್‌ನಲ್ಲಿ ದೇವರ ಫೋಟೋ ಮುಂದೆ ಊದಿನಕಡ್ಡಿ ಬೇರೆ. ಉಬ್ಬಸದ ಮಕ್ಕಳು ಕೂರುವ ಜಾಗದಲ್ಲಿ ಹೊಗೆ ಬೇಡವೇ ಬೇಡ. ಹೇಳಿದ ಮೇಲೆ ಆರಿಸಿದರು.

ಪರೀಕ್ಷೆಗೆ, ಸಿಬ್ಬಂದಿಗೆ ಪೂರ್ತಿ ಅಂಕ. ನೀವು ಹೋಗೋದಾದ್ರೆ ಯಾವ ಔಷಧಿ ಎಷ್ಟು ಗಂಟೆ ಮುಂಚೆ ನಿಲ್ಲಿಸಬೇಕು ಅಂತ ಡಾಕ್ಟರನ್ನೇ ಕೇಳಿ, ನೀವಾಗಿ ನಿಲ್ಲಿಸಬೇಡಿ. ಮಗುವಿಗೆ ಶೂ ಹಾಕಿಸಿ ಕರ್ಕೊಂಡು ಹೋಗಿ, ಚಪ್ಪಲಿಯಲ್ಲಿ ಓಡೋಕಾಗಲ್ಲ.