ಹಳೇ ಲಾರಿ ಟಿಂಕರಿಂಗ್‌ಗೆ ಕೊಡುವವರೇ, ಪುಟ್ಟಿ ಹಚ್ಚುವ ಮುಂಚೆ ಹೋಗಿ ನೋಡಿ

ಕಾರವಾರ, ಅಂಕೋಲಾ, ಕುಮಟಾ ಕಡೆ ಹಳೇ ಟಾಟಾ 407 (ಸಣ್ಣ ಲಾರಿ), ಹಳೇ ಲಾರಿ, ಟೆಂಪೋ ಇಟ್ಟುಕೊಂಡವರು ದಯವಿಟ್ಟು ಇದನ್ನ ಪೂರ್ತಿ ಓದಿ. ಟಿಂಕರಿಂಗ್, ಅಂದರೆ ತಗ್ಗು ಬಿದ್ದ, ತುಕ್ಕು ಹಿಡಿದ ಬಾಡಿ ತಗಡಿನ ಕೆಲಸ ಮಾಡಿಸುವ ಯೋಚನೆ ಇದ್ದರಂತೂ ಓದಲೇಬೇಕು. ನನ್ನ ಹತ್ತಿರ 38 ಸಾವಿರ ತಗೊಂಡು ಬಾಗಿಲೊಳಗೆ ನ್ಯೂಸ್‌ಪೇಪರ್ ತುಂಬಿ ಕೊಟ್ಟಿದ್ದಾರೆ. ಹೌದು, ನ್ಯೂಸ್‌ಪೇಪರ್. ತಗಡು ಇರಬೇಕಾದ ಜಾಗದಲ್ಲಿ.

ಗ್ಯಾರೇಜಿನ ಹೆಸರು ಇಲ್ಲಿ ಹಾಕುವುದಿಲ್ಲ. ಹೆದ್ದಾರಿ ಪಕ್ಕದ್ದು, ದೊಡ್ಡ ಶೆಡ್ಡು, ಯಾವಾಗಲೂ ಹತ್ತು ಗಾಡಿ ನಿಂತಿರುತ್ತವೆ. ಅಷ್ಟು ಸಾಕು.

ನನ್ನದು 2006ರ ಟಾಟಾ 407. ಅಪ್ಪ ತೆಗೆದುಕೊಂಡ ಗಾಡಿ. ತದಡಿ ಬಂದರಿನಿಂದ ಮೀನು ಸಾಗಿಸುತ್ತೇನೆ, ಮೀನು ಇಲ್ಲದಾಗ ಚಿರೇಕಲ್ಲು (ಮನೆ ಕಟ್ಟುವ ಕೆಂಪು ಕಲ್ಲು). ದೇವಿಮನೆ ಘಾಟಿನ ತಿರುವಿನಲ್ಲಿ ಎದುರಿನ ಲಾರಿಯ ಹಿಂಬದಿ ಮೂಲೆ ತಾಗಿ ಎಡಗಡೆ ಬಾಗಿಲು, ಅದರ ಕೆಳಗಿನ ಕ್ಯಾಬಿನ್ ಮೂಲೆ, ಎರಡೂ ಒಳಗೆ ಹೋಗಿದ್ದವು. ಬಾಗಿಲಿನ ಕೆಳ ಅಂಚು ಮೊದಲೇ ತುಕ್ಕು ಹಿಡಿದಿತ್ತು. ನಮ್ಮ ಕಡಲ ಗಾಳಿಗೆ, ಐಸ್ ನೀರಿಗೆ ಯಾವ ತಗಡು ಉಳಿಯುತ್ತದೆ ಹೇಳಿ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್ ದೋಣಿಗಳು ಮೀನು ಹಿಡಿಯಲು ನಿಷೇಧ, ಗಾಡಿಗೆ ಹೇಗೂ ಕೆಲಸ ಕಡಿಮೆ. ಅದಕ್ಕೇ ಮೇ ಕೊನೆಯಲ್ಲಿ ಬಿಟ್ಟೆ.

ಮಾತು ಸ್ಪಷ್ಟವಾಗೇ ಆಗಿತ್ತು. ತುಕ್ಕು ಹಿಡಿದಷ್ಟು ಕತ್ತರಿಸಿ ತೆಗೆಯಬೇಕು, ಹೊಸ ತಗಡು ವೆಲ್ಡ್ ಮಾಡಬೇಕು, ತಗ್ಗನ್ನ ಒಳಗಿನಿಂದ ಬಡಿದು ಎತ್ತಬೇಕು, ಆಮೇಲೆ ತೆಳ್ಳಗೆ ಪುಟ್ಟಿ (ಉಳಿದ ಸಣ್ಣ ಏರುತಗ್ಗು ಸಮ ಮಾಡುವ ಪೇಸ್ಟ್), ಪ್ರೈಮರ್, ಬಣ್ಣ. ಮಾಲೀಕ ಬಾಗಿಲ ಮೇಲೆ ಕೈ ಇಟ್ಟು ಹೇಳಿದ್ದು ಇದು: "ಅಣ್ಣಾ, ನಾವು ಪುಟ್ಟಿ ಕೆಲಸ ಮಾಡೋರಲ್ಲ. ತಗಡು ಕೆಲಸ. ಐದು ವರ್ಷ ಏನೂ ಆಗೋದಿಲ್ಲ." ಈ ಮಾತು ನನಗೆ ಇನ್ನೂ ಕಿವಿಯಲ್ಲಿದೆ. ಪುಟ್ಟಿ ಕೆಲಸ ಮಾಡೋರಲ್ಲ!

ಮುಂಗಡ 20 ಸಾವಿರ ಕೊಟ್ಟೆ. ಆಮೇಲೆ ನಾಳೆ, ನಾಡಿದ್ದು. ತಗಡು ಹುಬ್ಬಳ್ಳಿಯಿಂದ ಬರಬೇಕು, ವೆಲ್ಡರ್ ಊರಿಗೆ ಹೋಗಿದ್ದಾನೆ, ಕರೆಂಟ್ ಇಲ್ಲ. ಹೋಗಿ ನೋಡೋಣ ಎಂದರೆ "ಈಗ ಬರಬೇಡಿ ಅಣ್ಣಾ, ಡಸ್ಟ್ ಆಗುತ್ತೆ, ಮುಗಿದ ಮೇಲೆ ಬನ್ನಿ". ಈ ಕೆಲಸ ಕೊಟ್ಟವರಿಗೆಲ್ಲ ಇದು ಗೊತ್ತಿರೋದೇ, ತಡ ಆಗುವುದು ಹೊಸದೇನಲ್ಲ. ಕೊನೆಗೆ ಜುಲೈಯಲ್ಲಿ, ಜಡಿಮಳೆಯ ನಡುವೆ ಬಣ್ಣ ಹೊಡೆದು ಕೊಟ್ಟರು. ಗಾಡಿ ಹೊರಗೆ ತಂದಾಗ ನಿಜಕ್ಕೂ ಚೆಂದ ಕಾಣುತ್ತಿತ್ತು. ಬಾಗಿಲು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಂದರಿನಲ್ಲಿ ಎಲ್ಲರಿಗೂ ತೋರಿಸಿದೆ. ಭಾವ ತನ್ನ ಟೆಂಪೋವನ್ನೂ ಅಲ್ಲಿಗೇ ಬಿಟ್ಟರು, ನನ್ನ ಗಾಡಿ ನೋಡಿ. ಈಗ ಅವರೆದುರು ನಿಲ್ಲಲು ನಾಚಿಕೆ ಆಗುತ್ತದೆ.

ಚೌತಿ ಹೊತ್ತಿಗೆ ಬಾಗಿಲಿನ ಕೆಳಗಡೆ ಗುಳ್ಳೆ ಎದ್ದವು. ಬಣ್ಣದ ದೋಷ ಇರಬಹುದು ಎಂದುಕೊಂಡೆ. ಆಮೇಲೆ ಬಿರುಕು. ಬಿರುಕಿನಿಂದ ಕಂದು ನೀರು. ವರ್ಷದ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಸರ್ಟಿಫಿಕೇಟ್) ಹತ್ತಿರ ಬಂದಿತ್ತು, ಹಳೇ ಗಾಡಿಗೆ ಪ್ರತಿ ವರ್ಷ ಮಾಡಿಸಲೇಬೇಕಲ್ಲ. ಕಲ್ಲು ಇಳಿಸಲು ಶಿರಸಿಗೆ ಹೋದಾಗ ಅಲ್ಲಿನ ಹಳೇ ಟಿಂಕರ್ ಒಬ್ಬರಿಗೆ ತೋರಿಸಿದೆ. ವಯಸ್ಸಾದವರು. ಮಾತೇ ಆಡಲಿಲ್ಲ. ಹಳೇ ಸ್ಪೀಕರಿನ ಅಯಸ್ಕಾಂತ ತಂದು ಬಾಗಿಲ ಮೇಲ್ಭಾಗಕ್ಕೆ ಇಟ್ಟರು. ಟಕ್ ಎಂದು ಕಚ್ಚಿತು. ಹಾಗೇ ಕೆಳಗೆ ಜಾರಿಸಿದರು. ಅರ್ಧಕ್ಕೆ ಬಂದಾಗ ಅಯಸ್ಕಾಂತ ಕಳಚಿ ನೆಲಕ್ಕೆ ಬಿತ್ತು.

ಮತ್ತೆ ಇಟ್ಟರು. ಮತ್ತೆ ಬಿತ್ತು.

"ಇಲ್ಲಿ ಕಬ್ಬಿಣವೇ ಇಲ್ಲ ತಮ್ಮಾ" ಎಂದರು. ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಸುತ್ತ ನಾಲ್ಕು ಜನ ನಿಂತು ನೋಡುತ್ತಿದ್ದರು. ಸ್ಕ್ರೂ ಡ್ರೈವರ್ ತೂರಿಸಿ ಎತ್ತಿದಾಗ ಬೆರಳು ದಪ್ಪದ ಪುಟ್ಟಿ ಇಡೀ ತುಂಡಾಗಿ ಬಂತು. ಅದರ ಹಿಂದೆ ತಂತಿ ಜಾಳಿಗೆ. ಜಾಳಿಗೆಯ ಹಿಂದೆ ಮುದ್ದೆ ಮಾಡಿದ ಪೇಪರ್, ಒದ್ದೆಯಾಗಿ ಕೊಳೆತದ್ದು. ಹಳೇ ತುಕ್ಕು ಇದ್ದಲ್ಲೇ ಇದೆ, ಒಂದಿಂಚೂ ಕತ್ತರಿಸಿಲ್ಲ. ತಗ್ಗನ್ನ ಬಡಿದಿಲ್ಲ, ಸುಮ್ನೆ ಮೇಲಿಂದ ತುಂಬಿದ್ದಾರೆ.

ಇದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಗಾಜಿನ ಪಕ್ಕದಿಂದ ಒಳಗೆ ಇಳಿದ ಮಳೆನೀರು ಅಲ್ಲಿಂದಲೇ ಹೊರಗೆ ಹೋಗಬೇಕು. ಆ ತೂತುಗಳನ್ನೂ ಪುಟ್ಟಿಯಿಂದ ಮುಚ್ಚಿದ್ದಾರೆ! ಇಡೀ ಮಳೆಗಾಲ ನೀರು ಬಾಗಿಲೊಳಗೇ ನಿಂತಿದೆ. ಪುಟ್ಟಿ ನೀರು ಹೀರುತ್ತದೆ, ಅದರಡಿ ತುಕ್ಕು ಉಬ್ಬುತ್ತದೆ, ಉಬ್ಬಿದ ತುಕ್ಕು ಪುಟ್ಟಿಯನ್ನ ಮೇಲಕ್ಕೆತ್ತುತ್ತದೆ. ಮೊದಲು ಚೆನ್ನಾಗಿದ್ದ ತಗಡೂ ಈಗ ಹೋಗಿದೆ. ಆ ಟಿಂಕರ್ ಹೇಳಿದ ಪ್ರಕಾರ ಪುಟ್ಟಿ ಎರಡು ಮೂರು ಮಿಲಿಮೀಟರ್ ದಾಟಲೇಬಾರದು, ತುಕ್ಕಿನ ಮೇಲಂತೂ ಹಚ್ಚಲೇಬಾರದು.

ಫೋನ್ ಮಾಡಿದೆ. ಮೊದಲ ಉತ್ತರ: "ಹಳೇ ಗಾಡಿ ಅಲ್ವಾ ಅಣ್ಣಾ." ಹಳೇ ಗಾಡಿ ಎಂದು ಗೊತ್ತಿದ್ದೇ ಅಲ್ವಾ ಕೆಲಸ ಹಿಡಿದಿದ್ದು? ಎರಡನೇ ಉತ್ತರ: "ಸಮುದ್ರದ ಗಾಳಿಗೆ ಯಾವುದೂ ನಿಲ್ಲೋದಿಲ್ಲ." ಐದು ವರ್ಷ ಎಂದವರು ಇವರೇ. ಮೂರನೆಯದು: "ನೀವು ಪ್ರೆಶರ್‌ನಲ್ಲಿ ನೀರು ಹೊಡೆದು ತೊಳೆದಿದ್ದೀರಿ." ಮೀನಿನ ಗಾಡಿ ತೊಳೆಯದೆ ಇಡುತ್ತಾರಾ? ಪೇಪರ್ ಯಾಕೆ ತುಂಬಿದಿರಿ ಎಂದು ಕೇಳಿದ್ದಕ್ಕೆ ಮಾತ್ರ ಉತ್ತರವೇ ಇಲ್ಲ. ಮತ್ತೆ ಮತ್ತೆ ಕೇಳಿದೆ. "ಹುಡುಗರು ಮಾಡಿರಬಹುದು ಮಾರಾಯ್ರೆ, ನಾನು ನೋಡಿಲ್ಲ" ಎಂದರು.

ಖುದ್ದು ಹೋದೆ. ಆ ಪುಟ್ಟಿ ತುಂಡು ಚೀಲದಲ್ಲಿ ಹಾಕಿಕೊಂಡೇ ಹೋದೆ. ತಗಡು ಹಾಕಿದ ಫೋಟೋ ಇದೆ ಎಂದು ಮೊಬೈಲ್ ತೋರಿಸಿದರು. ಫೋಟೋದಲ್ಲಿದ್ದ ಬಾಗಿಲು ಹಳದಿ. ನನ್ನ ಗಾಡಿ ಹುಟ್ಟಿದಾಗಿನಿಂದ ನೀಲಿ. ಅದನ್ನ ಹೇಳಿದಾಗ ಧ್ವನಿಯೇ ಬದಲಾಯಿತು. "ಬಿಲ್‌ನಲ್ಲಿ ತಗಡು ಅಂತ ಎಲ್ಲಿದೆ ತೋರಿಸಿ." ಬಿಲ್‌ನಲ್ಲಿ ಬರೆದದ್ದು "ಬಾಡಿ ವರ್ಕ್" ಅಂತ ಅಷ್ಟೇ. ಅಣ್ಣಾ ಅಣ್ಣಾ ಎಂದ ಬಾಯಿಂದಲೇ "ಏನು ಮಾಡ್ತೀರೋ ಮಾಡ್ಕೊಳ್ಳಿ" ಎಂದು ಬಂತು. ಕೆಲಸದ ಹುಡುಗರೆದುರು.

ಗಾಡಿ ಕೊಡುವವರು ಇಷ್ಟು ಮಾಡಿ. ಪುಟ್ಟಿ ಹಚ್ಚುವ ಮುಂಚೆ ಬರಿ ತಗಡು ಕಣ್ಣಾರೆ ನೋಡಬೇಕು, ಬರಬೇಡಿ ಎಂದರೆ ಗಾಡಿ ವಾಪಸ್ ತನ್ನಿ. ಬಿಲ್‌ನಲ್ಲಿ ಎಲ್ಲಿ ಕತ್ತರಿಸಿದರು, ಎಷ್ಟು ತಗಡು ಹಾಕಿದರು ಎಂದು ಬರೆಸಿ. ಉಳಿದ ದುಡ್ಡು ಕೊಡುವ ಮುಂಚೆ ಅಯಸ್ಕಾಂತ ಇಟ್ಟು ನೋಡಿ. ಮಳೆಗಾಲದಲ್ಲಿ ತೆರೆದ ಶೆಡ್ಡಿನಲ್ಲಿ ಬಣ್ಣ ಹೊಡೆಸಲೇಬೇಡಿ.

ನಾನು ಬಿಡುವುದಿಲ್ಲ. 1915 ಗ್ರಾಹಕ ಸಹಾಯವಾಣಿಗೆ ಹೇಳಿದ್ದೇನೆ. ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಬಾಡಿಗೆ ಗಾಡಿ, ವ್ಯಾಪಾರದ್ದು, ದೂರು ತಗೊಳ್ಳುವುದಿಲ್ಲ ಎಂದು ಹೆದರಬೇಡಿ, ಸ್ವಂತ ದುಡಿಮೆಯಲ್ಲೇ ಹೊಟ್ಟೆ ಹೊರೆಯುವವರಿಗೆ ಕಾನೂನಿನಲ್ಲಿ ಅವಕಾಶ ಇದೆ. ಭಾವನ ಟೆಂಪೋಗೆ ಮೊನ್ನೆ ಅಯಸ್ಕಾಂತ ಇಟ್ಟು ನೋಡಿದೆವು. ಅದೂ ಬಿತ್ತು. ಹೆದ್ದಾರಿ ಪಕ್ಕದ ದೊಡ್ಡ ಶೆಡ್ಡಿನಲ್ಲಿ ಈ ವರ್ಷ ಕೆಲಸ ಮಾಡಿಸಿದವರು ಇದ್ದರೆ ನಿಮ್ಮ ಗಾಡಿಗೂ ಒಮ್ಮೆ ಇಟ್ಟು ನೋಡಿ, ಬಿದ್ದರೆ ನನಗೆ ತಿಳಿಸಿ. ಬಿಲ್ ಮತ್ತು ಕಿತ್ತ ತುಂಡು ಎಸೆಯಬೇಡಿ.