ಒತ್ತಕ್ಷರ ಸರಿಯಾಗಿ ಕೂತಿತು, ಗಿಂಪ್ ನಮ್ಮಲ್ಲೇ ಉಳಿಯಿತು

ಸಾಗರದಲ್ಲಿ ನಮ್ಮದು ಒಂದೇ ಕೋಣೆಯ ಫೋಟೋ ಸ್ಟುಡಿಯೋ. ಬೆಳಗ್ಗೆ ಪಾಸ್‌ಪೋರ್ಟ್ ಫೋಟೋ, ಮಧ್ಯಾಹ್ನದ ಮೇಲೆ ಹಳೇ ಫೋಟೋ ರಿಪೇರಿ, ಮದುವೆ ಸೀಸನ್ ಬಂದರೆ ಆಮಂತ್ರಣ, ಬ್ಯಾನರ್. ವರ್ಷಾವರ್ಷ ದುಡ್ಡು ಕಟ್ಟುತ್ತಿದ್ದ ಸಾಫ್ಟ್‌ವೇರ್ ಬಿಟ್ಟು ಈಗ ಎಲ್ಲವನ್ನೂ ಉಚಿತದ್ದರಲ್ಲೇ, ಹೆಚ್ಚಾಗಿ ಗಿಂಪ್ ಅನ್ನುವ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೇ ಮಾಡುತ್ತಿದ್ದೇನೆ. ಯಾವುದು ಒಳ್ಳೇದು ಅಂತ ಕೇಳಿದವರಿಗೆ, ನಿಮ್ಮ ಕೈಗೆ ದಿನಾ ಬರುವ ಕೆಲಸ ಯಾವುದು ಅಂತ ನಾನೇ ತಿರುಗಿ ಕೇಳುತ್ತೇನೆ.

ನನಗೆ ಮೊದಲು ಬೇಕಿದ್ದದ್ದು ಕನ್ನಡ. ಹೊಸ ಸಾಫ್ಟ್‌ವೇರ್ ಹಾಕಿದ ತಕ್ಷಣ 'ಜ್ಯೋತ್ಸ್ನಾ' ಅಂತ ಟೈಪ್ ಮಾಡುತ್ತೇನೆ. ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಹರಡಿಕೊಂಡರೆ ಅದು ನನಗೆ ಬೇಡ. ಗಿಂಪ್‌ನಲ್ಲಿ ಯೂನಿಕೋಡ್ ಕನ್ನಡ ಅಚ್ಚುಕಟ್ಟಾಗಿ ಬರುತ್ತದೆ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಫಾಂಟ್‌ಗಳೂ ಉಚಿತ. 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ, ತಂದು ಅಂಟಿಸಿ, ಫಾಂಟ್ ಬದಲಿಸುವ ಒದ್ದಾಟ ನಮ್ಮಲ್ಲಿ ನಿಂತಿತು. 2025ರ ಮಾರ್ಚ್‌ನಲ್ಲಿ ಬಂದ ಗಿಂಪ್ 3.0ರಲ್ಲಿ ಅಕ್ಷರಕ್ಕೆ ಔಟ್‌ಲೈನ್ ಹಾಕುವುದೂ ಟೆಕ್ಸ್ಟ್ ಟೂಲ್‌ನಲ್ಲೇ ಸೇರಿದೆ. ಹಾಕಿದ ಮೇಲೂ ಹೆಸರು ತಿದ್ದಬಹುದು. ಪ್ರಿಂಟಿಗೆ ಕಳಿಸುವ ಹೊತ್ತಿಗೆ "ನಮ್ಮ ಚಿಕ್ಕಪ್ಪನ ಹೆಸರೂ ಹಾಕಿಬಿಡಿ" ಅನ್ನುವವರು ಇರುತ್ತಾರೆ ಅಲ್ವಾ, ಅವರಿಗೆ ಈಗ ನಗುತ್ತಲೇ ಆಯ್ತು ಅನ್ನುತ್ತೇನೆ.

ಪಾಸ್‌ಪೋರ್ಟ್ ಫೋಟೋಗೆ ನನ್ನ ಲೆಕ್ಕ ಹೀಗಿದೆ. 35×45 ಮಿ.ಮೀ. ಅಂದರೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) 413×531 ಪಿಕ್ಸೆಲ್. ಅದನ್ನು 450×600ರ ಬಿಳಿ ಕ್ಯಾನ್ವಾಸ್ ನಡುವೆ ಇಟ್ಟು, ಒಂದೇ ಚಿತ್ರವನ್ನು ಸಾಲಾಗಿ ತುಂಬುವ ಟೈಲ್ ಫಿಲ್ಟರ್‌ಗೆ 1800×1200 ಅಂತ ಕೊಟ್ಟರೆ 4×6 ಇಂಚಿನ ಹಾಳೆಗೆ ಸರಿಯಾಗಿ ಎಂಟು ಫೋಟೋ. ಕತ್ತರಿಸಲು ಜಾಗವೂ ಬಿಟ್ಟಿರುತ್ತದೆ.

ಮಲೆನಾಡಿನ ಮಳೆಗೆ ಗೋಡೆಯ ಫೋಟೋಗಳೆಲ್ಲ ಬೂಸಲು ಹಿಡಿಯುತ್ತವೆ. ಹೋದ ಆಷಾಢದಲ್ಲಿ ಒಬ್ಬರು ಅಜ್ಜಿ ತಮ್ಮ ಮದುವೆ ಫೋಟೋ ತಂದರು. ಅಜ್ಜನ ಕೆನ್ನೆ ಮೇಲೆಲ್ಲ ಚುಕ್ಕೆ. ಒಂದೇ ಒತ್ತಿಗೆ ಸರಿಮಾಡುವ ಆ್ಯಪ್ ಒಂದರಲ್ಲಿ ಮೊಮ್ಮಗ ಆಗಲೇ ಹಾಕಿ ನೋಡಿದ್ದ. ಚುಕ್ಕೆ ಹೋಗಿತ್ತು, ಜೊತೆಗೆ ಮುಖವೂ ಬದಲಾಗಿತ್ತು. "ಇವರು ಯಾರೋ" ಅಂದರು ಅಜ್ಜಿ. ನಾನು ಲೇಯರ್‌ನ ನಕಲು ಮಾಡಿಕೊಂಡು ಗಿಂಪ್‌ನ ಹೀಲ್ ಟೂಲ್ ಹಿಡಿದೆ. ಕಂಟ್ರೋಲ್ ಒತ್ತಿ ಪಕ್ಕದ ಚೆನ್ನಾಗಿರುವ ಚರ್ಮದ ಮೇಲೆ ಕ್ಲಿಕ್ ಮಾಡಿ, ಆಮೇಲೆ ಚುಕ್ಕೆ ಮೇಲೆ ತೀಡಬೇಕು. ಬ್ರಶ್ ಚುಕ್ಕೆಗಿಂತ ಸ್ವಲ್ಪವೇ ದೊಡ್ಡದಿರಲಿ. ಕಣ್ಣಿನ ಅಂಚಿಗೆ ಹೀಲ್ ಬಳಸಿದರೆ ಕಪ್ಪು ಬಣ್ಣ ಹರಡುತ್ತದೆ, ಅಲ್ಲಿ ಕ್ಲೋನ್ ಟೂಲೇ ಸರಿ. ಮೂರು ಗಂಟೆ ಹಿಡಿಯಿತು. ಅಜ್ಜನ ಮುಖ ಅಜ್ಜನದ್ದಾಗಿಯೇ ಉಳಿಯಿತು.

ಗಿಂಪ್ ಒಂದರಿಂದಲೇ ಎಲ್ಲಾ ಆಗುವುದಿಲ್ಲ. ಅದು ಕೆಲಸ ಮಾಡುವುದು ಆರ್‌ಜಿಬಿಯಲ್ಲಿ, ಅಂದರೆ ಪರದೆಯ ಕೆಂಪು, ಹಸಿರು, ನೀಲಿ ಬಣ್ಣಗಳಲ್ಲಿ. ಪ್ರೆಸ್‌ನವರು ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿಯ ಬಣ್ಣ) ಕೇಳಿದಾಗ, ಆ ಬಣ್ಣಗಳಲ್ಲೇ ನೋಡಿ ತಿದ್ದಬೇಕಾದರೆ ಕ್ರಿಟಾ ಅನ್ನುವ ಇನ್ನೊಂದು ಉಚಿತ ಸಾಫ್ಟ್‌ವೇರ್ ತೆಗೆಯುತ್ತೇನೆ. ಗಿರಾಕಿ ಫೋಟೋಶಾಪ್‌ನ ಪಿಎಸ್‌ಡಿ ಫೈಲ್ ತಂದರೆ ಬ್ರೌಸರ್‌ನಲ್ಲೇ ಕೆಲಸ ಮಾಡುವ ಫೋಟೋಪಿಯಾ. ಪಕ್ಕದಲ್ಲಿ ಜಾಹೀರಾತು ಬರುತ್ತದೆ, ಆದರೆ ಫೈಲ್ ನಮ್ಮ ಕಂಪ್ಯೂಟರ್‌ನಲ್ಲೇ ಇರುತ್ತದೆ, ಅವರ ಸರ್ವರ್‌ಗೆ ಹೋಗುವುದಿಲ್ಲ. ಬೇರೆಯವರ ಮನೆ ಫೋಟೋ ಕೈಯಲ್ಲಿ ಇಟ್ಟುಕೊಂಡ ನನಗೆ ಅದು ದೊಡ್ಡ ವಿಷಯ.

ಹೊಸಬರಿಗೆ ಗಿಂಪ್‌ನಲ್ಲಿ ತಬ್ಬಿಬ್ಬಾಗುವ ಜಾಗ ಸೇವ್. ಸೇವ್ ಕೊಟ್ಟರೆ ಅದರದೇ ಎಕ್ಸ್‌ಸಿಎಫ್ ಫೈಲ್ ಆಗುತ್ತದೆ, ಜೆಪಿಜಿ ಬೇಕಾದರೆ ಎಕ್ಸ್‌ಪೋರ್ಟ್‌ಗೇ ಹೋಗಬೇಕು. ಹಳೇ ಕೀಬೋರ್ಡ್ ಶಾರ್ಟ್‌ಕಟ್‌ಗೆ ಒಗ್ಗಿದ ನನ್ನ ಬೆರಳು ಮೊದಲ ವಾರ ತಡಕಾಡಿತು. ಎಡಿಟ್ ಮೆನುವಿನಲ್ಲಿ ಅವನ್ನು ಬದಲಿಸಲು ಆಗುತ್ತದೆ, ಬೇಕಾದ ಎಂಟು ಹತ್ತನ್ನು ಹಾಕಿಕೊಂಡೆ. ಸಹಾಯಕ್ಕೆ ಬರುವ ಹುಡುಗಿ ಎಡಿಟಿಂಗ್ ಕಲಿತದ್ದೇ ಗಿಂಪ್‌ನಲ್ಲಿ. ಅವಳಿಗೆ ಆ ತಡಕಾಟವೂ ಇರಲಿಲ್ಲ.