ಉತ್ತರ ಒಂಟಾರಿಯೊದಲ್ಲಿ ಮನೆ ಹಿಡಿಯುವವರೇ, ಕರೆಂಟ್ ಮೀಟರ್ ಎಷ್ಟಿವೆ ಅಂತ ಮೊದಲು ಕೇಳಿ

ಕೆನಡಾದ ಟೊರೊಂಟೊ ಪಕ್ಕದ ಬ್ರಾಂಪ್ಟನ್, ಮಿಸಿಸಾಗಾ ಬಿಟ್ಟು ಉತ್ತರದ ಸಣ್ಣ ಊರುಗಳ ಕಡೆ ಹೊರಟಿರುವ ಕನ್ನಡದವರು ದಯವಿಟ್ಟು ಇದನ್ನು ಓದಿ. ಕೆಲಸ ಸಿಗುತ್ತದೆ, ಪಿಆರ್‌ಗೆ (ಇಲ್ಲೇ ಖಾಯಂ ಆಗಿ ಉಳಿಯುವುದಕ್ಕೆ) ದಾರಿಯಾಗುತ್ತದೆ, ಬಾಡಿಗೆ ಕಡಿಮೆ ಅಂತ ಹೊರಡುತ್ತೀರಿ. ನಾವೂ ಹಾಗೇ ಹೊರಟಿದ್ದು. ನಮಗೆ ಮೋಸ ಮಾಡಿದ್ದು ನಮ್ಮ ಭಾಷೆಯವರೇ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ನಾನು ಸುಮ್ಮನಿದ್ದರೆ ಇನ್ನೊಂದು ಸಂಸಾರ ಅದೇ ಮನೆಗೆ ಹೋಗಿ ಬೀಳುತ್ತದೆ.

ಊರು ಕಿರ್ಕ್‌ಲ್ಯಾಂಡ್ ಲೇಕ್. ಟೊರೊಂಟೊದಿಂದ ಸುಮಾರು 600 ಕಿಲೋಮೀಟರ್ ಉತ್ತರಕ್ಕಿರುವ ಚಿನ್ನದ ಗಣಿ ಊರು, ಜನ ಎಂಟು ಸಾವಿರದೊಳಗೆ. ನನಗೆ ಅಲ್ಲಿನ ಕೇರ್ ಹೋಮ್‌ನಲ್ಲಿ ಪಿಎಸ್‌ಡಬ್ಲ್ಯು ಕೆಲಸ, ಅಂದರೆ ಅಲ್ಲಿರುವವರನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಅಲ್ಲಿ ಬಾಡಿಗೆಗೆ ಮನೆಗಳೇ ಕಡಿಮೆ. ಇರುವುದರಲ್ಲೂ ಗಣಿ ಜೋರಾಗಿದ್ದ ಕಾಲದ ಹಳೇ ಮರದ ಮನೆಗಳೇ ಜಾಸ್ತಿ. ಪರಿಚಯದವರೊಬ್ಬರು ಒಬ್ಬ ಮಾಲೀಕರ ನಂಬರ್ ಕೊಟ್ಟರು. ಅವರು ಇರುವುದು ಮಿಸಿಸಾಗಾದಲ್ಲಿ, ಅಗ್ಗಕ್ಕೆ ಸಿಕ್ಕಿತು ಅಂತ ಅಲ್ಲಿ ಮನೆ ಕೊಂಡು ಬಾಡಿಗೆಗೆ ಬಿಟ್ಟಿದ್ದಾರೆ.

ಫೋನಿನಲ್ಲಿ ಮೊದಲ ಮಾತೇ, "ಯಾವೂರಮ್ಮ ನಿಮ್ದು? ಹಾಸನಾನಾ? ನಮ್ಮ ಮನೆಯವ್ರ ಕಡೆ ಅರಸೀಕೆರೆ!" ಆಮೇಲೆ ಕೇಳಬೇಕಾ. "ಬಾಡಿಗೆ 1,500 ಡಾಲರ್, ಹೀಟ್ ಸೇರಿಸೇ ಹೇಳ್ತಿರೋದು. ಯೋಚನೆ ಬಿಡಿ" ಅಂದರು. ಮೊದಲ ತಿಂಗಳದ್ದು, ಕೊನೆಯ ತಿಂಗಳದ್ದು ಕಳಿಸಿದೆವು. ಅದು ಇಲ್ಲಿ ಎಲ್ಲರೂ ಕೊಡುವುದೇ. ಅದರ ಮೇಲೆ 750 ಡಾಲರ್ ಡ್ಯಾಮೇಜ್ ಡೆಪಾಸಿಟ್. "ಬೇರೆಯವ್ರಾದ್ರೆ ಪೂರ್ತಿ ಒಂದು ತಿಂಗಳದ್ದು ತಗೊಳ್ತೀನಿ, ನಮ್ಮವ್ರು ಅಂತ ನಿಮ್ಗೆ ಅರ್ಧ." ಒಂಟಾರಿಯೊದಲ್ಲಿ ಡ್ಯಾಮೇಜ್ ಡೆಪಾಸಿಟ್ ತೆಗೆದುಕೊಳ್ಳುವುದೇ ಕಾನೂನಿಗೆ ವಿರುದ್ಧ! ಅರ್ಧವೂ ಇಲ್ಲ, ಕಾಲೂ ಇಲ್ಲ. ಇದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನವೆಂಬರ್ ಕೊನೆಯಲ್ಲಿ ಹೋದೆವು. ಹೊರಗೆ ಹಿಮ, ಟ್ರಕ್ ತುಂಬ ಸಾಮಾನು, ಕಾರಲ್ಲಿ ಮಗು ನಿದ್ದೆ ಮಾಡುತ್ತಿತ್ತು. ಬೀಗದ ಕೈ ತಂದ ಅವರ ಹುಡುಗ ಒಂದು ಕಾಗದ ಮುಂದೆ ಹಿಡಿದ. ಸಹಿ ಹಾಕಿದರೆ ಮಾತ್ರ ಕೀ. 2018ರ ಏಪ್ರಿಲ್ 30ರಿಂದ ಇಲ್ಲಿ ಸರ್ಕಾರದ್ದೇ ಸ್ಟ್ಯಾಂಡರ್ಡ್ ಲೀಸ್ ಫಾರಂ ಇದೆ, ಅದನ್ನೇ ಕೊಡಬೇಕು. ಇದು ಅವರೇ ಟೈಪ್ ಮಾಡಿದ ಎರಡು ಹಾಳೆ. ಅದರಲ್ಲಿ ಒಂದು ಸಾಲು: ಹೈಡ್ರೊ (ಇಲ್ಲಿ ಕರೆಂಟಿಗೆ ಹಾಗೇ ಅನ್ನುವುದು) ಬಾಡಿಗೆದಾರರದ್ದು, ಅಕೌಂಟ್ ಅವರ ಹೆಸರಲ್ಲೇ ತೆರೆಯಬೇಕು.

ಅಲ್ಲೇ ನಿಂತು ಫೋನ್ ಮಾಡಿದೆ. "ಅದು ಬರೀ ಲೈಟಿಗೆ, ಸ್ಟವ್‌ಗಮ್ಮ. ಜಾಸ್ತಿ ಅಂದ್ರೆ ಐವತ್ತು ಡಾಲರ್. ಹೀಟ್ ನಂದೇ ಅಂದ್ನಲ್ಲ."

ಒಳಗೆ ಹೋಗಿ ನೋಡಿದರೆ ಗೋಡೆಯ ಬುಡದಲ್ಲೆಲ್ಲ ಕರೆಂಟಿನ ಬೇಸ್‌ಬೋರ್ಡ್ ಹೀಟರ್. ಗ್ಯಾಸ್ ಇಲ್ಲ, ಫರ್ನೇಸ್ ಇಲ್ಲ. ಹೀಟ್ ಅಂದರೇ ಹೈಡ್ರೊ! "ಹೀಟ್ ನಂದೇ" ಅನ್ನುವ ಮಾತಿಗೆ ಏನರ್ಥ ಹಾಗಾದರೆ?

ಮೊದಲ ಪೂರ್ತಿ ಬಿಲ್ 612 ಡಾಲರ್. ಅವರ ಉತ್ತರ: "ಚಳಿಗಾಲ ಅಲ್ವಾಮ್ಮ, ಸ್ವಲ್ಪ ಸ್ವೆಟರ್ ಹಾಕ್ಕೊಂಡು ಹೀಟರ್ ಕಮ್ಮಿ ಮಾಡಿ." ಕಮ್ಮಿ ಮಾಡಿದೆವು. ಹೊರಗೆ ಮೈನಸ್ ಮೂವತ್ತು, ಮಗು ಮನೆಯೊಳಗೇ ಟೋಪಿ ಹಾಕಿಕೊಂಡು ಊಟ ಮಾಡುತ್ತಿತ್ತು. ಬಾಡಿಗೆಯಲ್ಲಿ ಹೀಟ್ ಸೇರಿದ್ದರೆ ಸೆಪ್ಟೆಂಬರ್ 1ರಿಂದ ಜೂನ್ 15ರವರೆಗೆ ಮನೆ ಕನಿಷ್ಠ 20 ಡಿಗ್ರಿ ಇರುವಂತೆ ಮಾಲೀಕರೇ ನೋಡಿಕೊಳ್ಳಬೇಕು. ಮುಂದಿನ ಬಿಲ್ಲೂ ಇಳಿಯಲಿಲ್ಲ.

ನಮ್ಮ ಯಜಮಾನರಿಗೆ ಅನುಮಾನ ಬಂತು. ಒಂದು ಭಾನುವಾರ ಮೇನ್ ಬ್ರೇಕರ್ ಆಫ್ ಮಾಡಿದರು, ಮೀಟರ್ ತಿರುಗುತ್ತದಾ ನೋಡೋಣ ಅಂತ. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ಬೇಸ್‌ಮೆಂಟ್‌ನಲ್ಲಿ ಬಾಡಿಗೆಗಿದ್ದ ಹುಡುಗ, ಕಾಲೇಜಿಗೆ ಹೋಗುವವನು. "ದೀದಿ, ನಿಮಗೂ ಕರೆಂಟ್ ಹೋಯಿತಾ?" ಅಂತ ಹಿಂದಿಯಲ್ಲಿ ಕೇಳಿದ. ನಾನು ಅವನನ್ನೇ ನೋಡುತ್ತಾ ನಿಂತೆ. ನೀನು ಹೈಡ್ರೊಗೆ ಎಷ್ಟು ಕಟ್ಟುತ್ತೀಯ ಅಂತ ಕೇಳಿದೆ. "ನನ್ನ ಬಾಡಿಗೆಯಲ್ಲೇ ಸೇರಿದೆ ದೀದಿ, ಹೀಟ್, ಹೈಡ್ರೊ ಎಲ್ಲಾ."

ಎರಡು ಮನೆ, ಒಂದೇ ಮೀಟರ್, ಅದು ನನ್ನ ಹೆಸರಲ್ಲಿ. ಆ ಹುಡುಗನಿಂದ ಕರೆಂಟಿಗೂ ಸೇರಿಸಿ ಬಾಡಿಗೆ ತೆಗೆದುಕೊಂಡು, ಆ ಕರೆಂಟಿನ ದುಡ್ಡು ನನ್ನ ಕೈಯಲ್ಲಿ ಕಟ್ಟಿಸುತ್ತಿದ್ದರು! ಹುಡುಗನ ತಪ್ಪೇನೂ ಇಲ್ಲ, ಪಾಪ, ಅವನಿಗೂ ಗೊತ್ತಿರಲಿಲ್ಲ. ಬಿಲ್ ಕಟ್ಟದಿದ್ದರೆ ಕ್ರೆಡಿಟ್ ಹಾಳಾಗುವುದು ನನ್ನದು. ಅದಕ್ಕೇ ಅಲ್ವಾ ನನ್ನ ಹೆಸರಲ್ಲೇ ಅಕೌಂಟ್ ಬೇಕು ಅಂದಿದ್ದು?

ಫೋನ್ ಮಾಡಿದೆ. "ನೀವೇ ಸಹಿ ಹಾಕಿದ್ದೀರಲ್ಲಮ್ಮ." ಇನ್ನೊಬ್ಬರ ಬಿಲ್ ನಾನ್ಯಾಕೆ ಕಟ್ಟಬೇಕು ಸರ್ ಅಂದೆ. "ಒಬ್ಬ ಹುಡುಗ ಎಷ್ಟು ಕರೆಂಟ್ ಉರಿಸ್ತಾನೆ? ಇಷ್ಟಕ್ಕೆಲ್ಲ ಜಗಳ ಆಡ್ತಾರಾ ನಮ್ಮವ್ರು?" ಕೊನೆಗೆ ಒಂದು ಮೆಸೇಜ್: "ಕಷ್ಟ ಆದ್ರೆ ತಿಂಗಳ ಕೊನೆಗೆ ಖಾಲಿ ಮಾಡಿ. ಕಾಯ್ತಿರೋರು ಬೇಕಾದಷ್ಟು ಜನ ಇದ್ದಾರೆ."

ಇಂಥ ಮೆಸೇಜಿಗೆ ಯಾರೂ ಹೆದರಬೇಡಿ. ಮಾಲೀಕರು, ಬಾಡಿಗೆದಾರರ ತಕರಾರು ತೀರ್ಮಾನಿಸುವ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಬೋರ್ಡ್ ಆದೇಶ ಇಲ್ಲದೆ ಯಾರೂ ನಿಮ್ಮನ್ನು ಹೊರಗೆ ಹಾಕುವ ಹಾಗಿಲ್ಲ. ನಾವು ಬೇರೆ ಮನೆ ಸಿಕ್ಕ ಮೇಲೇ ಬಿಟ್ಟೆವು. ಅದನ್ನು ಹುಡುಕಿಕೊಟ್ಟಿದ್ದು ಕೆಲಸದ ಜಾಗದ ಒಬ್ಬ ಅಡುಗೆಯಾಕೆ. ಆ ಮನೆಯ ಅಜ್ಜಿ ನಾವು ಕೇಳುವ ಮೊದಲೇ ಹಿಂದಿನ ಚಳಿಗಾಲದ ಹೈಡ್ರೊ ಬಿಲ್‌ಗಳನ್ನು ಮೇಜಿನ ಮೇಲೆ ಇಟ್ಟರು. ಮಿಸಿಸಾಗಾದ ನಮ್ಮ ಮಹಾನುಭಾವರು ಗೋಡೆಗೆ ಮೊಳೆ ಹೊಡೆದಿದ್ದೀರಿ ಅಂತ 750 ಡಾಲರ್ ನುಂಗಿದರು. ಅದಕ್ಕೆ ಬೋರ್ಡ್‌ನಲ್ಲಿ ಟಿ1 ಅರ್ಜಿ, ಅಂದರೆ ದುಡ್ಡು ವಾಪಸ್ ಕೊಡಿಸಿ ಅನ್ನುವ ಅರ್ಜಿ ಹಾಕಿದ್ದೇನೆ. ದುಡ್ಡು ಕಿತ್ತುಕೊಂಡ ಒಂದು ವರ್ಷದೊಳಗೆ ಹಾಕಬೇಕು, ತಡ ಮಾಡಬೇಡಿ. ವಿಚಾರಣೆಯ ದಿನ ಇನ್ನೂ ಬಂದಿಲ್ಲ.

ನನ್ನ ಮಾತು ಇಷ್ಟೇ. ಸ್ಟ್ಯಾಂಡರ್ಡ್ ಲೀಸ್ ಇಲ್ಲದೆ ಒಂದು ಡಾಲರ್ ಕಳಿಸಬೇಡಿ. ಅದರಲ್ಲಿ ಹೀಟ್, ಹೈಡ್ರೊ, ನೀರು ಯಾರದ್ದು ಅಂತ ಗುರುತು ಹಾಕುವ ಜಾಗವಿದೆ, ಖಾಲಿ ಬಿಡಲು ಒಪ್ಪಬೇಡಿ. ಹೀಟರ್ ಯಾವುದು, ಬೇಸ್‌ಮೆಂಟ್‌ನಲ್ಲಿ ಯಾರಿದ್ದಾರೆ, ಮೀಟರ್ ಎಷ್ಟಿವೆ, ಕೇಳಿ, ಫೋಟೊ ತರಿಸಿ. ಅರಸೀಕೆರೆ ಕಥೆಗೆ ಕರಗಬೇಡಿ.

ಅದೇ ಮನೆ ಮತ್ತೆ ಬಾಡಿಗೆಗಿದೆ. ಅದೇ ಹಳೇ ಫೋಟೊಗಳು. ತಿಳಿ ಹಸಿರು ಬಣ್ಣದ ಮನೆ, ಮುಂದೆ ಮರದ ಮೆಟ್ಟಿಲು, "ಹೀಟ್ ಸೇರಿದೆ" ಅಂತ ಬರೆದಿದ್ದಾರೆ. ನಿಮಗೆ ಆ ಕಡೆಯಿಂದ ಫೋನ್ ಬಂದಿದ್ದರೆ ದುಡ್ಡು ಕಳಿಸುವ ಮೊದಲು ನನ್ನನ್ನು ಒಂದು ಮಾತು ಕೇಳಿ. ಎರಡೂ ಬಿಲ್ ಕಳಿಸಿಕೊಡುತ್ತೇನೆ.